ಮನೆಯ ವೈ-ಫೈಗೆ ಎರಡು ಬೀಗದ ಕೈ

ಈ ಸಲದ ಅಂಕಣಕ್ಕೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಮನೆಯ ವೈ-ಫೈಗೆ ಸಂಬಂಧಿಸಿದವು. ದಾವಣಗೆರೆ, ಹರಿಹರ, ಚಿತ್ರದುರ್ಗಗಳ ಬಡಾವಣೆಗಳಲ್ಲಿ ಈಗ ಕಂಬದಿಂದ ಕಂಬಕ್ಕೆ ಫೈಬರ್ ಎಳೆದಿದ್ದಾರೆ. ಸಂಪರ್ಕ ಕೊಡಲು ಬಂದ ಹುಡುಗ ರೂಟರ್ ಎಂಬ ಪೆಟ್ಟಿಗೆಯನ್ನು ಗೋಡೆಗೆ ಹೊಡೆದು, ಒಂದು ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಟ್ಟು, ಮುಂದಿನ ಮನೆಗೆ ಹೊರಟುಬಿಡುತ್ತಾನೆ. ಆ ಚೀಟಿಯೇ ವರ್ಷಗಟ್ಟಲೆ ನಡೆಯುತ್ತದೆ. ಬಾಡಿಗೆ ಮನೆಗೆ ಹೋದ ದಿನವೇ ಹಳೆಯ ಬೀಗ ತೆಗೆದು ಹೊಸದು ಹಾಕುವ ನಾವು, ಈ ಬೀಗವನ್ನು ಮಾತ್ರ ಬೇರೆಯವರು ಹಾಕಿಕೊಟ್ಟಂತೆಯೇ ಬಿಟ್ಟಿರುತ್ತೇವೆ. ಬಂದ ಪ್ರಶ್ನೆಗಳನ್ನು ಈ ದೃಷ್ಟಿಯಿಂದಲೇ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮೊಬೈಲಿನಲ್ಲಿ ವೈ-ಫೈ ಗುರುತು ತುಂಬಿಕೊಂಡಿರುತ್ತದೆ, ಆದರೆ ಏನೂ ತೆರೆಯುವುದಿಲ್ಲ. ವೈ-ಫೈ ಇದ್ದ ಮೇಲೆ ಇಂಟರ್ನೆಟ್ ಇರಬೇಕಲ್ಲವೇ? — ಗೃಹಿಣಿ, ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ಇರಬೇಕೆಂದೇನೂ ಇಲ್ಲ, ಏಕೆಂದರೆ ಅವೆರಡೂ ಬೇರೆ ಬೇರೆ. ವೈ-ಫೈ ಎಂದರೆ ನಿಮ್ಮ ಮೊಬೈಲಿಗೂ ಗೋಡೆಯ ಮೇಲಿನ ಪೆಟ್ಟಿಗೆಗೂ ನಡುವಿನ ರೇಡಿಯೊ ಸಂಪರ್ಕ, ಅಷ್ಟೇ. ಪೆಟ್ಟಿಗೆಯಿಂದ ಹೊರಕ್ಕೆ ಹೋಗುವ ಫೈಬರ್ ಇಂಟರ್ನೆಟ್ಟನ್ನು ತರುತ್ತದೆ. ಮನೆಯ ಸಂಪಿಗೆ ನಗರಸಭೆಯ ನೀರು ಬಾರದ ದಿನವೂ ಸಂಪಿನಿಂದ ಟ್ಯಾಂಕಿಗೆ ಹಾಕಿದ ಪೈಪು ಗಟ್ಟಿಯಾಗಿಯೇ ಇರುತ್ತದಲ್ಲ, ಇದೂ ಹಾಗೆಯೇ. ಮೊಬೈಲಿನ ಗುರುತು ಒಳಗಿನ ಪೈಪಿನ ಸ್ಥಿತಿಯನ್ನು ಮಾತ್ರ ಹೇಳುತ್ತದೆ. ಪೆಟ್ಟಿಗೆಯಲ್ಲಿ ‘ಎಲ್‌ಒಎಸ್’ ಎಂದು ಬರೆದಿರುವ ದೀಪ ಕೆಂಪಾಗಿ ಉರಿಯುತ್ತಿದ್ದರೆ ಫೈಬರಿನಲ್ಲಿ ಬೆಳಕು ಬರುತ್ತಿಲ್ಲವೆಂದು ಅರ್ಥ. ಆಗ ಮೊಬೈಲನ್ನು ಎಷ್ಟು ಸಲ ಆರಿಸಿ ಹಚ್ಚಿದರೂ ಪ್ರಯೋಜನವಿಲ್ಲ, ಸಂಪರ್ಕ ಕೊಟ್ಟವರಿಗೇ ಹೇಳಬೇಕು.

ಇದಕ್ಕೆ ಸೇರಿದ ಇನ್ನೊಂದು ಮಾತು. ‘ನೂರು ಎಂಬಿಪಿಎಸ್’ ಎಂದು ಹೇಳಿ ಸಂಪರ್ಕ ಕೊಟ್ಟವರು ಮೋಸ ಮಾಡಿದ್ದಾರೆ, ಡೌನ್‌ಲೋಡ್ ಹನ್ನೆರಡರ ಮೇಲೆ ಏರುವುದಿಲ್ಲ ಎಂದು ಇಬ್ಬರು ಬರೆದಿದ್ದಾರೆ. ಸಂಪರ್ಕದ ವೇಗವನ್ನು ಅಳೆಯುವುದು ಬಿಟ್‌ಗಳಲ್ಲಿ, ಕಡತದ ಗಾತ್ರವನ್ನು ಅಳೆಯುವುದು ಬೈಟ್‌ಗಳಲ್ಲಿ. ಎಂಟು ಬಿಟ್ಟಿಗೆ ಒಂದು ಬೈಟ್ ಆದುದರಿಂದ ನೂರು ಮೆಗಾಬಿಟ್ ಎಂದರೆ ಸೆಕೆಂಡಿಗೆ ಹನ್ನೆರಡೂವರೆ ಮೆಗಾಬೈಟ್. ಆ ಇಬ್ಬರಿಗೂ ಮೋಸವಾಗಿಲ್ಲ.

ಪ್ರಶ್ನೆ: ನಮ್ಮದು ಕೋಟೆಯ ಬುಡದಲ್ಲಿರುವ ಹಳೆಯ ಕಲ್ಲಿನ ಮನೆ. ನಡುಮನೆಯಲ್ಲಿ ಚೆನ್ನಾಗಿ ಬರುವ ವೈ-ಫೈ ಅಡುಗೆಮನೆಗೆ ತಲುಪುವುದಿಲ್ಲ. 2.4 ಮತ್ತು 5 ಎಂದು ಎರಡು ಹೆಸರು ಕಾಣಿಸುತ್ತವೆ. ಯಾವುದನ್ನು ಬಳಸಬೇಕು? — ನಿವೃತ್ತ ಶಿಕ್ಷಕರು, ಚಿತ್ರದುರ್ಗ

ಉತ್ತರ: ಚಿತ್ರದುರ್ಗದಲ್ಲಿರುವ ನನ್ನ ಸೋದರತ್ತೆಯ ಮನೆಯೂ ಇಂಥದ್ದೇ ಆದುದರಿಂದ ನಿಮ್ಮ ಕಷ್ಟ ನನಗೆ ಕಂಡ ವಿಷಯ. ಅಲ್ಲಿ ಮೊಬೈಲನ್ನು ಕೈಯಲ್ಲಿ ಹಿಡಿದು ಒಂದೊಂದೇ ಹೆಜ್ಜೆ ನಡೆದು ನೋಡಿದ್ದೇನೆ: ನಡುಮನೆಯಲ್ಲಿ ತುಂಬಿದ್ದ ಗುರುತು, ಅಡುಗೆಮನೆಯ ಹೊಸ್ತಿಲಿಗೆ ಬಂದಾಗ ಅರ್ಧಕ್ಕಿಳಿದು, ಒಲೆಯ ಮುಂದೆ ಹೋಗಿ ನಿಂತರೆ ಪೂರ್ತಿ ಅಳಿಸಿಹೋಗುತ್ತಿತ್ತು. ಮಧ್ಯೆ ಇದ್ದದ್ದು ಒಂದೇ ಗೋಡೆ, ಆದರೆ ಅದು ಮೊಳಕ್ಕಿಂತ ದಪ್ಪದ ಕಲ್ಲಿನ ಗೋಡೆ.

2.4 ಮತ್ತು 5 ಎಂಬುವು ಗಿಗಾಹರ್ಟ್ಸ್ ಲೆಕ್ಕದ ರೇಡಿಯೊ ಆವರ್ತನಗಳು. 5 ಗಿಗಾಹರ್ಟ್ಸ್ ಹೆಚ್ಚು ವೇಗ ಕೊಡುತ್ತದೆ, ಆದರೆ ಗೋಡೆಯಲ್ಲಿ ಬೇಗ ಸೋಲುತ್ತದೆ. 2.4 ಗಿಗಾಹರ್ಟ್ಸ್ ನಿಧಾನ, ಆದರೆ ದೂರ ಹೋಗುತ್ತದೆ. ಪೆಟ್ಟಿಗೆ ಇರುವ ಕೋಣೆಯಲ್ಲಿ 5ನ್ನೂ, ಒಳಗಿನ ಕೋಣೆಗಳಲ್ಲಿ 2.4ನ್ನೂ ಬಳಸಿ. 2.4ರಲ್ಲಿ ಬ್ಲೂಟೂತ್ ಮತ್ತು ಅಕ್ಕಪಕ್ಕದ ಮನೆಗಳ ರೂಟರ್‌ಗಳು ಒಟ್ಟಿಗೆ ಮಾತನಾಡುತ್ತಿರುತ್ತವೆ. ಮೈಕ್ರೊವೇವ್ ಒಲೆಯೂ ಅದೇ ಆವರ್ತನದಲ್ಲಿ ಗದ್ದಲ ಎಬ್ಬಿಸುತ್ತದೆ. ಆದ್ದರಿಂದ ರೂಟರ್‌ನ ಸೆಟ್ಟಿಂಗ್ಸ್‌ನಲ್ಲಿ ಚಾನೆಲ್ ಆರಿಸುವ ಅವಕಾಶವಿದ್ದರೆ, ಒಂದರ ಮೇಲೊಂದು ಬೀಳದ 1, 6, 11ರಲ್ಲಿ ನೆರೆಯವರು ಕಡಿಮೆ ಬಳಸುತ್ತಿರುವುದನ್ನು ಹಿಡಿಯಿರಿ. ಪೆಟ್ಟಿಗೆಯನ್ನು ಕಬ್ಬಿಣದ ಬೀರುವಿನ ಪಕ್ಕದಲ್ಲೋ ಟಿವಿಯ ಹಿಂದೆಯೋ ಇಡದೆ ಎತ್ತರದಲ್ಲಿ ಇಡಿ. ಇಷ್ಟಾದರೂ ಕಲ್ಲಿನ ಗೋಡೆ ಮಣಿಯುವುದಿಲ್ಲ. ನಡುಮನೆಯಿಂದ ಅಡುಗೆಮನೆಗೆ ಒಂದು ಲ್ಯಾನ್ ತಂತಿ ಎಳೆದು ಅಲ್ಲಿ ವೈ-ಫೈ ಹರಡುವ ಎರಡನೆಯ ಪೆಟ್ಟಿಗೆ (ಆಕ್ಸೆಸ್ ಪಾಯಿಂಟ್) ಇಡುವುದೇ ನಿಜವಾದ ಪರಿಹಾರ. ಸೋದರತ್ತೆಯ ಮನೆಯಲ್ಲಿ ನಾವು ಕೊನೆಗೆ ಮಾಡಿದ್ದೂ ಅದನ್ನೇ.

ಒಂದು ವಿಷಯವನ್ನು ಮಾತ್ರ ಗಮನದಲ್ಲಿಡಿ: ನಿಮ್ಮ ಅಡುಗೆಮನೆಗೆ ತಲುಪದ ಅಲೆ, ನಡುಮನೆಯ ಕಿಟಕಿಯಿಂದ ಹೊರಟು ಬೀದಿಗೆ ಧಾರಾಳವಾಗಿ ತಲುಪಿರುತ್ತದೆ. ಗೋಡೆ ಕಾಯುತ್ತದೆ ಎಂದು ನಂಬುವಂತಿಲ್ಲ. ಮುಂದಿನ ಪ್ರಶ್ನೆಗಳೆಲ್ಲ ಅದಕ್ಕೇ ಸಂಬಂಧಿಸಿದವು.

ಪ್ರಶ್ನೆ: ರೂಟರ್‌ನ ಸೆಟ್ಟಿಂಗ್ಸ್ ಪುಟದಲ್ಲಿ ಭದ್ರತೆ ಎಂಬಲ್ಲಿ ಓಪನ್, ಡಬ್ಲ್ಯುಇಪಿ, ಡಬ್ಲ್ಯುಪಿಎ, ಡಬ್ಲ್ಯುಪಿಎ2, ಡಬ್ಲ್ಯುಪಿಎ3 ಎಂದು ಸಾಲಾಗಿ ಇವೆ. ಟಿಕೆಐಪಿ, ಎಇಎಸ್ ಎಂದೂ ಇದೆ. ಇವುಗಳಲ್ಲಿ ಯಾವುದನ್ನು ಆರಿಸಬೇಕು? — ಪದವಿ ವಿದ್ಯಾರ್ಥಿನಿ, ವಿದ್ಯಾನಗರ, ದಾವಣಗೆರೆ

ಉತ್ತರ: ನಿಮ್ಮ ಮನೆಯ ಉಪಕರಣಗಳೆಲ್ಲ ಒಪ್ಪುವುದಾದರೆ ಡಬ್ಲ್ಯುಪಿಎ3, ಹಳೆಯ ಮೊಬೈಲೋ ಪ್ರಿಂಟರೋ ತಕರಾರು ಮಾಡಿದರೆ ಡಬ್ಲ್ಯುಪಿಎ2 ಮತ್ತು 3 ಎರಡೂ ಸೇರಿದ ಆಯ್ಕೆ, ಅದೂ ಇಲ್ಲದ ಪೆಟ್ಟಿಗೆಯಾದರೆ ಎಇಎಸ್ ಜೊತೆಗಿನ ಡಬ್ಲ್ಯುಪಿಎ2. ಉಳಿದವನ್ನು ಮುಟ್ಟಬೇಡಿ. ಏಕೆ ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ವೈ-ಫೈಗೆ ಆಧಾರವಾದ 802.11 ಎಂಬ ಮಾನದಂಡ ಬಂದದ್ದು 1997ರಲ್ಲಿ, ಅಂದರೆ ದಾವಣಗೆರೆ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆಯಾದ ವರ್ಷದಲ್ಲಿಯೇ. ಗಾಳಿಯಲ್ಲಿ ಹೋಗುವ ಮಾತನ್ನು ಯಾರು ಬೇಕಾದರೂ ಕೇಳಿಸಿಕೊಳ್ಳಬಹುದಾದ್ದರಿಂದ ಅದನ್ನು ಗೂಢಲಿಪಿಗೆ ತಿರುಗಿಸಿ ಕಳಿಸಬೇಕೆಂದು ಅದರಲ್ಲಿಯೇ ಡಬ್ಲ್ಯುಇಪಿ ಎಂಬ ವಿಧಾನವನ್ನು ಸೇರಿಸಿದ್ದರು. ತಂತಿಯಲ್ಲಿ ಇರುವಷ್ಟೇ ಗೌಪ್ಯತೆ ಎಂಬುದು ಆ ಹೆಸರಿನ ಅರ್ಥ. ಆದರೆ 2001ರಲ್ಲಿ ಸಂಶೋಧಕರು ಅದರ ಗಣಿತದಲ್ಲಿಯೇ ದೋಷವಿರುವುದನ್ನು ತೋರಿಸಿದರು. ನಂತರದ ವರ್ಷಗಳಲ್ಲಿ ಸಾಧಾರಣ ಲ್ಯಾಪ್‌ಟಾಪ್ ಇದ್ದವರು ಅದನ್ನು ನಿಮಿಷಗಳಲ್ಲಿ ಬಿಡಿಸತೊಡಗಿದರು. ಪಾಸ್‌ವರ್ಡ್ ಎಷ್ಟೇ ಗಟ್ಟಿಯಾಗಿದ್ದರೂ ಡಬ್ಲ್ಯುಇಪಿ ಬೀಗಕ್ಕೆ ಬೆಲೆಯಿಲ್ಲ. ಹಳೆಯ ಯಂತ್ರಗಳನ್ನು ಎಸೆಯದೆ ಸಂಭಾಳಿಸಬೇಕೆಂದು 2003ರಲ್ಲಿ ತಂದ ತಾತ್ಕಾಲಿಕ ಏರ್ಪಾಡು ಡಬ್ಲ್ಯುಪಿಎ. ಅದರೊಳಗಿನ ವಿಧಾನವೇ ಟಿಕೆಐಪಿ. ಅದರ ಕಾಲವೂ ಮುಗಿದಿದೆ. 2004ರ ಡಬ್ಲ್ಯುಪಿಎ2, ಎಇಎಸ್ ಎಂಬ ಬಲವಾದ ಗೂಢಲಿಪಿಯನ್ನು ತಂದಿತು. ಬ್ಯಾಂಕುಗಳೂ ಸರ್ಕಾರಗಳೂ ನಂಬಿರುವ ಗೂಢಲಿಪಿ ಅದು, ಇಂದಿಗೂ ಮುರಿದಿಲ್ಲ. 2017ರಲ್ಲಿ ಬೆಲ್ಜಿಯಂನ ಸಂಶೋಧಕರು ಡಬ್ಲ್ಯುಪಿಎ2ರಲ್ಲಿ ಕಂಡ ‘ಕ್ರ್ಯಾಕ್’ ಎಂಬ ದೋಷ ಎಇಎಸ್‌ನದಲ್ಲ, ಮೊಬೈಲ್ ಮತ್ತು ರೂಟರ್ ಮೊದಲ ಪರಿಚಯ ಮಾಡಿಕೊಳ್ಳುವ ಕ್ರಮದ್ದು. ತಂತ್ರಾಂಶದ ಪರಿಷ್ಕರಣೆಯಿಂದ ಅದನ್ನು ಸರಿಪಡಿಸಲಾಯಿತು. ಮೊಬೈಲಿಗೆ ಬಂದ ಪರಿಷ್ಕರಣೆಗಳನ್ನು ‘ಆಮೇಲೆ’ ಎಂದು ತಳ್ಳುತ್ತ ಹೋಗಬಾರದು ಎನ್ನುವುದು ಇಂಥ ಕಾರಣಕ್ಕೇ.

ಡಬ್ಲ್ಯುಪಿಎ2ರಲ್ಲಿ ಉಳಿದುಕೊಂಡ ದೊಡ್ಡ ಕೊರತೆ ಇದು: ನಿಮ್ಮ ಮೊಬೈಲ್ ರೂಟರ್‌ಗೆ ಸೇರಿಕೊಳ್ಳುವ ಕ್ಷಣದ ಸಂಭಾಷಣೆಯನ್ನು ಬೀದಿಯಲ್ಲಿ ನಿಂತವನೊಬ್ಬ ಹಿಡಿದಿಟ್ಟುಕೊಂಡು ಮನೆಗೆ ಹೋಗಿ, ತನ್ನ ಕಂಪ್ಯೂಟರಿನಲ್ಲಿ ಒಂದಾದ ಮೇಲೊಂದು ಪಾಸ್‌ವರ್ಡನ್ನು ಊಹಿಸಿ ತಾಳೆ ನೋಡಬಹುದು. ನಿಮ್ಮ ರೂಟರ್‌ಗೆ ಅದು ಗೊತ್ತೇ ಆಗುವುದಿಲ್ಲ. 2018ರಲ್ಲಿ ಬಂದ ಡಬ್ಲ್ಯುಪಿಎ3ರಲ್ಲಿ ಪ್ರತಿಯೊಂದು ಊಹೆಗೂ ರೂಟರ್‌ನ ಬಾಗಿಲಿಗೇ ಬಂದು ತಟ್ಟಬೇಕು. ಈ ಒಂದು ವ್ಯತ್ಯಾಸಕ್ಕಾಗಿಯೇ ಅದನ್ನು ಮೊದಲು ಹೇಳಿದೆ.

ಪ್ರಶ್ನೆ: ನೆನಪಿಗೆ ಸುಲಭವೆಂದು ಅಂಗಡಿಯ ವೈ-ಫೈಗೆ ನನ್ನ ಮೊಬೈಲ್ ಸಂಖ್ಯೆಯನ್ನೇ ಪಾಸ್‌ವರ್ಡ್ ಮಾಡಿದ್ದೇನೆ. ಹತ್ತು ಅಂಕಿ ಇವೆಯಲ್ಲ, ಸಾಲದೇ? — ಬಟ್ಟೆ ವ್ಯಾಪಾರಿ, ಮಂಡಿಪೇಟೆ, ದಾವಣಗೆರೆ

ಉತ್ತರ: ಸಾಲದು. ನಿಮ್ಮ ಸಂಖ್ಯೆ ಅಂಗಡಿಯ ಬೋರ್ಡಿನ ಮೇಲೆಯೇ ಇದೆ ಎಂಬುದನ್ನು ಬದಿಗಿಟ್ಟು, ಬರಿಯ ಲೆಕ್ಕವನ್ನೇ ಮಾಡಿ ನೋಡೋಣ. ನೀವು ವ್ಯಾಪಾರಿಗಳು, ಲೆಕ್ಕ ಒಪ್ಪುತ್ತೀರಿ.

ನಮ್ಮ ದೇಶದ ಮೊಬೈಲ್ ಸಂಖ್ಯೆಗಳು 6, 7, 8, 9ರಿಂದ ಆರಂಭವಾಗುತ್ತವೆ. ಅಂದರೆ ಹೆಚ್ಚೆಂದರೆ 400 ಕೋಟಿ ಸಾಧ್ಯತೆಗಳು. ಮೇಲೆ ಹೇಳಿದಂತೆ ಸಂಭಾಷಣೆಯನ್ನು ಹಿಡಿದಿಟ್ಟುಕೊಂಡವನ ಬಳಿ ಸೆಕೆಂಡಿಗೆ ಹತ್ತು ಲಕ್ಷ ಊಹೆ ಮಾಡುವ ಗ್ರಾಫಿಕ್ಸ್ ಕಾರ್ಡ್ ಇದ್ದರೆ, ಮತ್ತು ಅಷ್ಟು ವೇಗದ ಕಾರ್ಡು ಈಗ ಅಂಗಡಿಯಲ್ಲಿಯೇ ಸಿಗುತ್ತದೆ, 400 ಕೋಟಿಯನ್ನೂ ಮುಗಿಸಲು ಬೇಕಾಗುವುದು ನಾಲ್ಕು ಸಾವಿರ ಸೆಕೆಂಡು, ಎಂದರೆ ಒಂದು ಗಂಟೆ ಏಳು ನಿಮಿಷ. ಮಗುವಿನ ಹುಟ್ಟಿದ ದಿನಾಂಕವನ್ನು ಇಟ್ಟವರ ಸ್ಥಿತಿ ಇನ್ನೂ ಕೆಟ್ಟದ್ದು: ನೂರು ವರ್ಷದ ದಿನಾಂಕಗಳೆಲ್ಲ ಸೇರಿದರೂ ಮೂವತ್ತಾರೂವರೆ ಸಾವಿರದಷ್ಟೇ, ಅದು ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಅದೇ ವೇಗದಲ್ಲಿ, ಯಾವ ಅರ್ಥವೂ ಇಲ್ಲದ ಎಂಟು ಇಂಗ್ಲಿಷ್ ಸಣ್ಣಕ್ಷರಗಳಿಗೆ ಸುಮಾರು ಎರಡೂವರೆ ದಿನ ಹಿಡಿಯುತ್ತದೆ. ಹನ್ನೆರಡು ಅಕ್ಷರಗಳಾದರೆ ಮೂರು ಸಾವಿರ ವರ್ಷ. ಉದ್ದ ಮಾಡುವ ಕೆಲಸ ಅಷ್ಟು ದೊಡ್ಡದು. @ ಗುರುತನ್ನೋ 123 ಎಂಬುದನ್ನೋ ಹೆಸರಿನ ಬಾಲಕ್ಕೆ ಅಂಟಿಸುವುದನ್ನು ಊಹಿಸುವವರು ಮೊದಲೇ ತಿಳಿದಿರುತ್ತಾರೆ.

ವೈ-ಫೈ ಪಾಸ್‌ವರ್ಡಿಗೆ 8ರಿಂದ 63 ಅಕ್ಷರಗಳವರೆಗೆ ಅವಕಾಶವಿದೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಟ್ಟಿಗೆ ಬರೆಯಿರಿ. ಗಾದೆ, ವಚನದ ಸಾಲು, ಹಾಡಿನ ಪಲ್ಲವಿ ಬೇಡ; ಪದಗಳನ್ನು ಕಣ್ಣು ಮುಚ್ಚಿ ನಿಘಂಟು ತೆರೆದು ಆರಿಸಿಕೊಳ್ಳುವುದು ಉತ್ತಮ. ನೆನಪಿನಲ್ಲಿಯೂ ಉಳಿಯುತ್ತದೆ, ಗಿರಾಕಿಗಳಿಗೆ ಬಾಯಲ್ಲಿ ಹೇಳಲೂ ಆಗುತ್ತದೆ. ಆದರೆ ಗಿರಾಕಿಗಳಿಗೆ ಹೇಳಲೇಬೇಡಿ. ಅದಕ್ಕೆ ಬೇರೆ ದಾರಿ ಇದೆ, ಮುಂದೆ ಹೇಳುತ್ತೇನೆ.

ನಿಮ್ಮಲ್ಲಿ ಎರಡನೆಯ ಬೀಗದ ಕೈಯೂ ಒಂದಿದೆ ಎಂಬುದನ್ನು ನೀವು ಕೇಳಿಲ್ಲ, ಆದರೂ ಹೇಳಬೇಕು, ಏಕೆಂದರೆ ಬಹಳ ಮಂದಿಗೆ ಇದು ತಿಳಿದೇ ಇರುವುದಿಲ್ಲ. ವೈ-ಫೈ ಪಾಸ್‌ವರ್ಡ್ ಮನೆಯೊಳಕ್ಕೆ ಬರಲು. ರೂಟರ್‌ನ ಅಡ್ಮಿನ್ ಪಾಸ್‌ವರ್ಡ್ ಆ ಮನೆಯ ಬೀಗವನ್ನೇ ಬದಲಾಯಿಸಲು. ನಮ್ಮ ಮನೆಯಲ್ಲಿ ಒಮ್ಮೆ ಸಂಜೆ ಹೊತ್ತು ಸಂಪರ್ಕ ತೀರಾ ನಿಧಾನವಾಗಿ, ಪೆಟ್ಟಿಗೆಯನ್ನು ತಿರುಗಿಸಿ ನೋಡಿದೆ. ತಳದ ಚೀಟಿಯಲ್ಲಿ ಧೂಳಿನ ಕೆಳಗೆ 192.168.1.1 ಎಂಬ ವಿಳಾಸ, ಬಳಕೆದಾರನ ಹೆಸರು ‘ಅಡ್ಮಿನ್’, ಪಾಸ್‌ವರ್ಡ್ ಕೂಡ ‘ಅಡ್ಮಿನ್’. ಬ್ರೌಸರಿನಲ್ಲಿ ಆ ವಿಳಾಸ ಒತ್ತಿ ಅದನ್ನೇ ಕೊಟ್ಟಾಗ ಪುಟ ತೆರೆದುಕೊಂಡಿತು. ಅಂದರೆ ಮನೆಗೆ ಬಂದು ವೈ-ಫೈ ಕೇಳಿದ ಯಾರೇ ಆಗಲಿ, ಎರಡು ವರ್ಷ ಅದನ್ನು ಹೀಗೆಯೇ ತೆರೆಯಬಹುದಾಗಿತ್ತು. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶ ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳನ್ನು ವಶಪಡಿಸಿಕೊಂಡದ್ದು ಇಂಥ ಕಾರ್ಖಾನೆ ಪಾಸ್‌ವರ್ಡ್‌ಗಳ ಅರವತ್ತು ಚಿಲ್ಲರೆ ಜೋಡಿಗಳ ಪಟ್ಟಿಯಿಂದ. ಈ ಅಂಕಣವನ್ನು ಓದಿ ಒಂದೇ ಒಂದು ಕೆಲಸ ಮಾಡಲು ಸಮಯವಿದೆ ಎನ್ನುವವರು ಅಡ್ಮಿನ್ ಪಾಸ್‌ವರ್ಡನ್ನು ಬದಲಾಯಿಸಿ.

ಪ್ರಶ್ನೆ: ವೈ-ಫೈ ಹೆಸರು ಯಾರಿಗೂ ಕಾಣದಂತೆ ಅಡಗಿಸಿದ್ದೇನೆ, ನಮ್ಮ ಮೊಬೈಲ್‌ಗಳ ಮ್ಯಾಕ್ ವಿಳಾಸಗಳನ್ನು ಮಾತ್ರ ಒಳಬಿಡುವಂತೆ ಮಾಡಿದ್ದೇನೆ. ಪಾಸ್‌ವರ್ಡ್ ಹೊಡೆಯುವ ತೊಂದರೆ ಬೇಡವೆಂದು ಡಬ್ಲ್ಯುಪಿಎಸ್ ಹಚ್ಚಿದ್ದೇನೆ. ಇಷ್ಟು ಸಾಕಲ್ಲವೇ? — ಸರ್ಕಾರಿ ನೌಕರರು, ಚಿತ್ರದುರ್ಗ

ಉತ್ತರ: ಮೊದಲ ಎರಡರಿಂದ ಆಗುವ ಉಪಯೋಗ ಅಲ್ಪ, ಮೂರನೆಯದರಿಂದ ಹಾನಿ ಇದೆ. ವೈ-ಫೈ ಹೆಸರನ್ನು ಎಸ್‌ಎಸ್‌ಐಡಿ ಎನ್ನುತ್ತಾರೆ. ಅದನ್ನು ಅಡಗಿಸಿದರೂ ನಿಮ್ಮ ಮೊಬೈಲ್ ಸೇರಿಕೊಳ್ಳುವಾಗಲೆಲ್ಲ ಆ ಹೆಸರನ್ನು ಗಾಳಿಯಲ್ಲಿ ಬಹಿರಂಗವಾಗಿಯೇ ಹೇಳುತ್ತದೆ. ಪ್ರತಿ ಉಪಕರಣದ ಗುರುತಾದ ಮ್ಯಾಕ್ ವಿಳಾಸವೂ ಗೂಢಲಿಪಿಯ ಹೊರಗೇ ಹೋಗುತ್ತದೆ. ಅದನ್ನು ಕೇಳಿಸಿಕೊಂಡವನು ತನ್ನ ಯಂತ್ರಕ್ಕೆ ಅದೇ ವಿಳಾಸವನ್ನು ಹಾಕಿಕೊಳ್ಳಬಲ್ಲ.

ಡಬ್ಲ್ಯುಪಿಎಸ್‌ನ ಕಥೆ ಚಿತ್ರದುರ್ಗದವರಿಗೆ ನಾನು ವಿವರಿಸಬೇಕಾಗಿಯೇ ಇಲ್ಲ. ಏಳು ಸುತ್ತಿನ ಕೋಟೆಯೊಳಕ್ಕೆ ಹೈದರಾಲಿಯ ಸೈನಿಕರು ನುಸುಳಲು ಹೊರಟದ್ದು ಹೆಬ್ಬಾಗಿಲಿನಿಂದಲ್ಲ, ಒಬ್ಬೊಬ್ಬನೇ ತೆವಳಿ ಬರಬಹುದಾದ ಕಿಂಡಿಯಿಂದ. ಪಾಸ್‌ವರ್ಡಿನ ಬದಲು ಪಿನ್ ಕೊಟ್ಟು ಸೇರಿಕೊಳ್ಳಲು ಬಿಡುವ ಡಬ್ಲ್ಯುಪಿಎಸ್ ಅಂಥ ಕಿಂಡಿ, ಇಲ್ಲಿ ಒನಕೆ ಹಿಡಿದು ನಿಂತವರು ಯಾರೂ ಇಲ್ಲ. ಅದರ ಪಿನ್ ಎಂಟು ಅಂಕಿಯದು, ಹಾಗಾಗಿ ಹತ್ತು ಕೋಟಿ ಸಾಧ್ಯತೆಗಳಿವೆ ಎಂದು ತೋರುತ್ತದೆ. ಆದರೆ ಕೊನೆಯ ಅಂಕಿ ಉಳಿದ ಏಳರಿಂದ ಲೆಕ್ಕ ಹಾಕಿ ಬರುವಂಥದ್ದು. ಜೊತೆಗೆ ಮೊದಲ ನಾಲ್ಕು ಅಂಕಿ ಸರಿಯೋ ತಪ್ಪೋ ಎಂದು ರೂಟರ್ ಬೇರೆಯಾಗಿಯೇ ತಿಳಿಸಿಬಿಡುತ್ತದೆ. ಆಗ ಪ್ರಯತ್ನಿಸಬೇಕಾದದ್ದು ಮೊದಲ ಭಾಗಕ್ಕೆ ಹತ್ತು ಸಾವಿರ, ಎರಡನೆಯದಕ್ಕೆ ಒಂದು ಸಾವಿರ, ಒಟ್ಟು ಹನ್ನೊಂದು ಸಾವಿರ ಮಾತ್ರ. 2011ರಲ್ಲಿ ಇದು ಬಯಲಾಯಿತು. ನಂತರದ ಹಲವು ರೂಟರ್‌ಗಳು ತಪ್ಪು ಪ್ರಯತ್ನಗಳಿಗೆ ತಡೆ ಹಾಕುತ್ತವಾದರೂ, ಮನೆ ಬಳಕೆಗೆ ಅಗತ್ಯವೇ ಇಲ್ಲದ ಈ ಕಿಂಡಿಯನ್ನು ಇಂದೇ ಮುಚ್ಚಿಬಿಡಿ.

ಪ್ರಶ್ನೆ: ರೂಟರ್‌ನ ಪಟ್ಟಿಯಲ್ಲಿ ಗುರುತಿಲ್ಲದ ಮೂರು ಉಪಕರಣಗಳಿವೆ. ಯಾರೋ ಕದಿಯುತ್ತಿದ್ದಾರೆಯೇ? ಮಹಡಿಯ ಬಾಡಿಗೆದಾರರಿಗೂ ಪಾಸ್‌ವರ್ಡ್ ಕೊಟ್ಟಿದ್ದೇನೆ, ಅದು ತಪ್ಪೇ? — ಮನೆಯ ಮಾಲೀಕರು, ಹರಿಹರ

ಉತ್ತರ: ಗಾಬರಿಯಾಗುವ ಮೊದಲು ಮನೆಯ ಟಿವಿ, ಕ್ಯಾಮೆರಾ, ಮಕ್ಕಳ ಟ್ಯಾಬ್ಲೆಟ್‌ಗಳನ್ನು ಎಣಿಸಿ. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರ ನಂತರದ ಮೊಬೈಲ್‌ಗಳು ತಮ್ಮ ನಿಜವಾದ ಮ್ಯಾಕ್ ವಿಳಾಸದ ಬದಲು ಕೃತಕ ವಿಳಾಸವನ್ನು ತೋರಿಸುವುದರಿಂದ, ನಿಮ್ಮದೇ ಮೊಬೈಲ್ ಅಪರಿಚಿತನಂತೆ ಕಾಣಬಹುದು. ಎಣಿಕೆ ಹೊಂದದಿದ್ದರೆ ಪಟ್ಟಿಯೊಂದಿಗೆ ಜಗ್ಗಾಡುವುದು ಬೇಡ; ಪಾಸ್‌ವರ್ಡ್ ಬದಲಾಯಿಸಿ. ಆಗ ಎಲ್ಲರೂ ಹೊರಬೀಳುತ್ತಾರೆ, ಹೊಸದು ಗೊತ್ತಿರುವವರು ಮಾತ್ರ ಮರಳಿ ಬರುತ್ತಾರೆ.

ಬಾಡಿಗೆದಾರರಿಗೆ ಕೊಡುವುದು ಔದಾರ್ಯ, ಅದನ್ನು ತಪ್ಪು ಎನ್ನಲಾರೆ. ಆದರೆ ಮುಖ್ಯ ಪಾಸ್‌ವರ್ಡ್ ಕೊಡಬೇಡಿ. ಡಬ್ಲ್ಯುಪಿಎ2ರಲ್ಲಿ ಪಾಸ್‌ವರ್ಡ್ ಬಲ್ಲವನು, ಇನ್ನೊಬ್ಬರ ಉಪಕರಣ ಸೇರಿಕೊಳ್ಳುವ ಕ್ಷಣವನ್ನು ಹಿಡಿದರೆ, ಅವರು ರೂಟರ್‌ಗೆ ಕಳಿಸುವ ಗೂಢಲಿಪಿಯನ್ನೂ ಬಿಡಿಸಬಲ್ಲ. ಹೆಚ್ಚಿನ ರೂಟರ್‌ಗಳಲ್ಲಿ ‘ಗೆಸ್ಟ್ ನೆಟ್‌ವರ್ಕ್’ ಎಂಬ ಸೌಲಭ್ಯವಿದೆ. ಅದು ಜಗುಲಿಯಿದ್ದಂತೆ: ಬಂದವರಿಗೆ ಇಂಟರ್ನೆಟ್ ಸಿಗುತ್ತದೆ, ಒಳಮನೆಯ ಕಂಪ್ಯೂಟರ್ ಕಾಣುವುದಿಲ್ಲ. ಬಾಡಿಗೆದಾರರು, ಅಂಗಡಿಯ ಗಿರಾಕಿಗಳು, ಮತ್ತು ನಿಮ್ಮದೇ ಸಿಸಿ ಕ್ಯಾಮೆರಾ, ಸ್ಮಾರ್ಟ್ ಬಲ್ಬ್‌ಗಳು ಅಲ್ಲಿರಲಿ.

ಇನ್ನೊಂದು ಜವಾಬ್ದಾರಿಯೂ ಇದೆ. ನಿಮ್ಮ ಮನೆಯ ಎಲ್ಲ ಉಪಕರಣಗಳೂ ಹೊರಜಗತ್ತಿಗೆ ಒಂದೇ ಐಪಿ ವಿಳಾಸದಲ್ಲಿ ಕಾಣುತ್ತವೆ, ಆ ವಿಳಾಸ ಇರುವುದು ಬಿಲ್ ಕಟ್ಟುವವರ ಹೆಸರಿನಲ್ಲಿ. 2008ರ ಜುಲೈನಲ್ಲಿ ಅಹಮದಾಬಾದ್ ಸ್ಫೋಟಗಳಿಗೆ ಸ್ವಲ್ಪ ಮೊದಲು ಕಳಿಸಿದ ಬೆದರಿಕೆಯ ಇ-ಮೇಲ್‌ನ ಜಾಡು ಹಿಡಿದ ಪೊಲೀಸರು ಮೊದಲು ತಲುಪಿದ್ದು ನವಿ ಮುಂಬೈಯ ಒಂದು ಫ್ಲಾಟಿಗೆ. ಅಲ್ಲಿ ವಾಸವಿದ್ದವರ ವೈರ್‌ಲೆಸ್ ಸಂಪರ್ಕವನ್ನು ಬೇರೆಯವರು ಬಳಸಿಕೊಂಡಿದ್ದರು. ನಿರಪರಾಧಿಯೂ ಆ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಗುತ್ತದೆ. ನಿಮ್ಮ ಸಂಪರ್ಕದ ಮೂಲಕ ಹಣ ವಂಚನೆಯಾಗಿದೆ ಎಂಬ ಸುಳಿವು ಸಿಕ್ಕರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರಶ್ನೆ: ಬಸ್ ನಿಲ್ದಾಣದ ಉಚಿತ ವೈ-ಫೈಯಲ್ಲಿ ಹಣ ಕಳಿಸಬಹುದೇ? — ಚಳ್ಳಕೆರೆ

ಉತ್ತರ: ಬ್ಯಾಂಕಿನ ಆ್ಯಪ್ ತನ್ನ ಮಾತನ್ನು ತಾನೇ ಗೂಢಲಿಪಿಯಲ್ಲಿ ಕಳಿಸುತ್ತದೆ, ಆದ್ದರಿಂದ ಕೇಳಿಸಿಕೊಳ್ಳುವವರ ಭಯ ಮೊದಲಿನಷ್ಟಿಲ್ಲ. ಆದರೆ ಅದೇ ಹೆಸರಿನ ನಕಲಿ ವೈ-ಫೈ ಹಚ್ಚಿ, ನಕಲಿ ಪುಟ ತೋರಿಸಿ ಒಟಿಪಿ ಕೇಳುವವರ ಭಯ ಇದ್ದೇ ಇದೆ. ಹಣದ ವ್ಯವಹಾರಕ್ಕೆ ಮೊಬೈಲ್ ಡೇಟಾವನ್ನೇ ಬಳಸಿ, ‘ತಾನಾಗಿ ಸೇರಿಕೊಳ್ಳು’ ಎಂಬ ಆಯ್ಕೆಯನ್ನು ಆಫ್ ಮಾಡಿಡಿ. ಜಾಲತಾಣದ ಪ್ರಮಾಣಪತ್ರ (ಸರ್ಟಿಫಿಕೇಟ್) ಸರಿಯಿಲ್ಲ ಎಂದು ಬ್ರೌಸರ್ ಎಚ್ಚರಿಸಿದರೆ ಮುಂದುವರಿಯಬೇಡಿ.

ಪ್ರಶ್ನೆ: ಹೊಸ ಪೆಟ್ಟಿಗೆ ಬಂದಿದೆ. ಹಳೆಯ ರೂಟರನ್ನು ಗುಜರಿಗೆ ಹಾಕಬಹುದೇ? — ಹೊನ್ನಾಳಿ

ಉತ್ತರ: ಹಾಗೆಯೇ ಹಾಕಬೇಡಿ. ನಿಮ್ಮ ವೈ-ಫೈ ಹೆಸರು, ಪಾಸ್‌ವರ್ಡ್, ಕೆಲವೊಮ್ಮೆ ಸಂಪರ್ಕದ ಲಾಗಿನ್ ವಿವರವೂ ಅದರೊಳಗೆ ಉಳಿದಿರುತ್ತವೆ. ವಿದ್ಯುತ್ ಕೊಟ್ಟು, ಹಿಂಬದಿಯ ‘ರೀಸೆಟ್’ ಎಂಬ ಸಣ್ಣ ತೂತಿನಲ್ಲಿ ಪಿನ್ನಿನ ತುದಿಯನ್ನು ಹತ್ತು ಹದಿನೈದು ಸೆಕೆಂಡು ಒತ್ತಿ ಹಿಡಿದರೆ ದೀಪಗಳೆಲ್ಲ ಒಮ್ಮೆ ಆರಿ ಹತ್ತುತ್ತವೆ. ಆಗ ಎಲ್ಲವೂ ಅಳಿದಿರುತ್ತದೆ. ಪೆಟ್ಟಿಗೆ ಸಂಪರ್ಕ ಕೊಟ್ಟವರದ್ದಾಗಿದ್ದರೆ ಅವರಿಗೇ ಹಿಂದಿರುಗಿಸಬೇಕಾಗುತ್ತದೆ, ಅದಕ್ಕೂ ಮೊದಲು ಇದೇ ಕೆಲಸ ಮಾಡಿ. ಹೊಸ ಪೆಟ್ಟಿಗೆಯಲ್ಲಿ ಮಾತ್ರ ಆ ತೂತನ್ನು ಮುಟ್ಟಬೇಡಿ, ಇಂಟರ್ನೆಟ್ ಲಾಗಿನ್ ಅಳಿಸಿಹೋಗಿ ಮತ್ತೆ ಅವರು ಬರುವ ತನಕ ಕಾಯಬೇಕಾದೀತು.